ನೀಲಿ ಫೆಸ್ಕ್ಯೂ: ಮಿತವಾದ ಆರೈಕೆಯಲ್ಲಿ ಬಾಳುವ ಅಲಂಕಾರದ ಹುಲ್ಲು

ಹುಲ್ಲಿನ ಕುಟುಂಬವಾದ ಪೋಯೇಸಿಗೆ ಸೇರಿದ ಫೆಸ್ಟುಕಾ ಕುಲವು ಸಮಶೀತೋಷ್ಣ ವಲಯದ ಹುಲ್ಲುಗಾವಲುಗಳಲ್ಲಿಯೂ ಎತ್ತರದ ಬೆಟ್ಟಗಳಲ್ಲಿಯೂ ವ್ಯಾಪಕವಾಗಿ ಹರಡಿರುವ, ಹಲವು ನೂರು ಪ್ರಭೇದಗಳುಳ್ಳ ದೊಡ್ಡ ಕುಲವಾಗಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಕುಲವನ್ನು ಹೆಸರಿಸಿದನು. ಫೆಸ್ಕ್ಯೂ ಎಂದು ಸಾಮಾನ್ಯವಾಗಿ ಕರೆಯಲಾಗುವ ಈ ಹುಲ್ಲುಗಳಲ್ಲಿ ಕೆಲವು ದನಕರುಗಳ ಮೇವಾಗಿ, ಕೆಲವು ಮನೆಯಂಗಳದ ಮತ್ತು ಆಟದ ಮೈದಾನದ ಹಾಸಾಗಿ ಬಳಕೆಯಲ್ಲಿದ್ದರೆ, ಇನ್ನು ಕೆಲವು ಎಲೆಯ ಬಣ್ಣ ಮತ್ತು ಗಿಡದ ಆಕಾರಕ್ಕಾಗಿಯೇ ತೋಟಗಳಲ್ಲಿ ಸ್ಥಾನ ಪಡೆದಿವೆ. ಈ ಕೊನೆಯ ಗುಂಪಿನಲ್ಲಿ ಅತ್ಯಂತ ಪ್ರಚಲಿತವಾದುದು ದಕ್ಷಿಣ ಯುರೋಪಿನ, ವಿಶೇಷವಾಗಿ ದಕ್ಷಿಣ ಫ್ರಾನ್ಸಿನ, ಒಣ ಕಲ್ಲುನೆಲಗಳ ಮೂಲನಿವಾಸಿಯಾದ ಫೆಸ್ಟುಕಾ ಗ್ಲಾಕಾ, ಅಂದರೆ ನೀಲಿ ಫೆಸ್ಕ್ಯೂ.

ಅಮೆರಿಕ, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ನೆಲೆಸಿ, ಸ್ವಂತ ಮನೆಯ ಮುಂದಿನ ಅಂಗಳವನ್ನು ನೋಡಿಕೊಳ್ಳಬೇಕಾದ ಕನ್ನಡಿಗರಿಗೆ ನರ್ಸರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಗಿಡಗಳಲ್ಲಿ ಇದೂ ಒಂದು. ಕಡಿಮೆ ಆರೈಕೆಯ ಗಿಡವೆಂಬ ಇದರ ಖ್ಯಾತಿ ನಿಜವಾದುದೇ ಆದರೂ, ಯಾವ ಆರೈಕೆಯೂ ಬೇಡವೆಂದು ಅದನ್ನು ಅರ್ಥಮಾಡಿಕೊಂಡವರ ತೋಟದಲ್ಲಿ ಗಿಡ ಮೂರು ನಾಲ್ಕು ವರ್ಷಗಳಲ್ಲಿ ನಡುವಿನಿಂದ ಒಣಗುತ್ತದೆ. ಪ್ರೀತಿಯಿಂದ ದಿನವೂ ನೀರೆರೆದು ಗೊಬ್ಬರ ಹಾಕಿದವರ ತೋಟದಲ್ಲಿ ಅದಕ್ಕಿಂತಲೂ ಬೇಗ ಕೊಳೆಯುತ್ತದೆ. ಈ ಹುಲ್ಲಿನ ಬೇಸಾಯದ ಮರ್ಮವು ಏನನ್ನು ಮಾಡಬೇಕು ಎಂಬುದಕ್ಕಿಂತ ಹೆಚ್ಚಾಗಿ ಏನನ್ನು ಮಾಡದೆ ಬಿಡಬೇಕು ಎಂಬುದರಲ್ಲಿದೆ.

ಸಸ್ಯದ ಸ್ವಭಾವ

ನೀಲಿ ಫೆಸ್ಕ್ಯೂ ಒಂದು ಬಹುವಾರ್ಷಿಕ ಗುಚ್ಛಹುಲ್ಲು. ಗರಿಕೆಯು ನೆಲದ ಮೇಲೆ ಬಳ್ಳಿಯಂತೆ ಹಬ್ಬಿ ಗಿಣ್ಣುಗಿಣ್ಣಿಗೂ ಬೇರು ಬಿಡುವ ಹುಲ್ಲಾದರೆ, ಗುಚ್ಛಹುಲ್ಲು ಎಲ್ಲಿಯೂ ಹಬ್ಬದೆ ಒಂದೇ ಬುಡದಿಂದ ತೆಂಡೆಗಳನ್ನು ಒಡೆಯುತ್ತ ಸುತ್ತಲೂ ಅಗಲವಾಗುತ್ತದೆ. ಎಲೆಗಳ ಗುಚ್ಛವು ಸಾಮಾನ್ಯವಾಗಿ 20ರಿಂದ 30 ಸೆಂ.ಮೀ. ಎತ್ತರ ಮತ್ತು ಸುಮಾರು ಅಷ್ಟೇ ಅಗಲ ಬೆಳೆದು ಮುಳ್ಳುಹಂದಿ ಮೈಮುದುಡಿ ಕುಳಿತಂತೆ ಕಾಣುತ್ತದೆ. ಬೇಸಿಗೆಯ ಆರಂಭದಲ್ಲಿ ಎಲೆಗಳ ಮೇಲಕ್ಕೆ ಏಳುವ ತೆಳ್ಳನೆಯ ತೆನೆಗಳು ಮೊದಲು ನೀಲಿಹಸಿರಾಗಿದ್ದು, ಬಲಿತಂತೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ.

ಎಲೆಯ ನೀಲಿ ಛಾಯೆಗೆ ಕಾರಣ ಯಾವುದೇ ನೀಲಿ ವರ್ಣದ್ರವ್ಯವಲ್ಲ. ಎಲೆಯ ಹೊರಮೈಯನ್ನು ಆವರಿಸಿರುವ ತೆಳುವಾದ ಮೇಣದ ಲೇಪವು ಬೆಳಕನ್ನು ಚದುರಿಸುವುದರಿಂದ ಅಡಿಯ ಹಸಿರು ನಮ್ಮ ಕಣ್ಣಿಗೆ ಬೂದುನೀಲಿಯಾಗಿ ತೋರುತ್ತದೆ. ಬೆರಳುಗಳ ನಡುವೆ ಎಲೆಯನ್ನು ಉಜ್ಜಿದರೆ ಈ ಲೇಪ ಅಳಿಸಿ ಹಸಿರು ಬಯಲಾಗುತ್ತದೆ. ಬಿಸಿಲಿನ ತೀವ್ರತೆಯನ್ನು ತಗ್ಗಿಸಿ ಎಲೆಯ ತೇವಾಂಶವನ್ನು ಉಳಿಸುವುದು ಈ ಮೇಣದ ಕೆಲಸ. ಜೊತೆಗೆ ಎಲೆಯ ಅಂಚುಗಳು ಒಳಕ್ಕೆ ಸುರುಳಿಗೊಂಡು ಎಲೆಯು ಸೂಜಿಯಂತಾಗಿರುವುದರಿಂದ, ಗಾಳಿಯ ವಿನಿಮಯಕ್ಕಾಗಿ ಎಲೆಯಲ್ಲಿರುವ ಪತ್ರರಂಧ್ರಗಳೆಂಬ ಸೂಕ್ಷ್ಮ ದ್ವಾರಗಳು ಒಣಗಾಳಿಗೆ ನೇರವಾಗಿ ಒಡ್ಡಿಕೊಳ್ಳುವುದಿಲ್ಲ. ಬಿಸಿಲು ಮತ್ತು ಒಣನೆಲಗಳಿಗೆ ಹೊಂದಿಕೊಂಡು ರೂಪುಗೊಂಡ ಈ ಗಿಡವನ್ನು ನೆರಳಿನಲ್ಲಿ ನೆಟ್ಟಾಗ ಬಣ್ಣ ಮಾಸುವುದಕ್ಕೂ, ಕೊಬ್ಬಿದ ತೇವದ ಮಣ್ಣಿನಲ್ಲಿ ನೆಟ್ಟಾಗ ಎಲೆ ಜೋತುಬೀಳುವುದಕ್ಕೂ ಕಾರಣ ಇದೇ ಆಗಿದೆ.

ಹವಾಮಾನದ ಮಿತಿ

ಹುಲ್ಲುಗಳನ್ನು ತೋಟಗಾರರು ತಂಪು ಋತುವಿನವು ಮತ್ತು ಬೆಚ್ಚನೆಯ ಋತುವಿನವು ಎಂದು ಎರಡಾಗಿ ವಿಂಗಡಿಸುತ್ತಾರೆ. ಜೋಳ, ರಾಗಿ, ಗರಿಕೆಗಳು ಕಾವು ಹೆಚ್ಚಿದಂತೆ ಹುರುಪಿನಿಂದ ಬೆಳೆಯುವ ಎರಡನೆಯ ಗುಂಪಿಗೆ ಸೇರಿದರೆ, ನಮ್ಮಲ್ಲಿ ಹಿಂಗಾರಿಯಲ್ಲಿ ಬಿತ್ತುವ ಗೋಧಿಯಂತೆ ಫೆಸ್ಕ್ಯೂ ತಂಪನ್ನು ಬಯಸುವ ಮೊದಲನೆಯ ಗುಂಪಿನದು. ವಸಂತ ಮತ್ತು ಶರತ್ಕಾಲಗಳು ಇದರ ಮುಖ್ಯ ಬೆಳವಣಿಗೆಯ ಕಾಲ. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೆಯೇ ಮುಂದುವರಿದರೆ ಗಿಡವು ಬೆಳವಣಿಗೆಯನ್ನು ನಿಲ್ಲಿಸಿ ಅರೆನಿದ್ರೆಗೆ ಜಾರುತ್ತದೆ.

ಅಮೆರಿಕದ ಕೃಷಿ ಇಲಾಖೆಯು ವರ್ಷದ ಅತಿ ಕನಿಷ್ಠ ಉಷ್ಣತೆಯ ಸರಾಸರಿಯನ್ನು ಆಧರಿಸಿ ದೇಶವನ್ನು 13 ವಲಯಗಳಾಗಿ ವಿಭಜಿಸಿದ್ದು, ಗಿಡದ ಚೀಟಿಯ ಮೇಲೆ ಅಚ್ಚಾಗಿರುವ ವಲಯಸಂಖ್ಯೆಯು ಆ ಗಿಡ ಎಷ್ಟು ಚಳಿಯನ್ನು ತಾಳಬಲ್ಲದೆಂಬುದನ್ನು ಸೂಚಿಸುತ್ತದೆ. ನೀಲಿ ಫೆಸ್ಕ್ಯೂವನ್ನು ಸಾಮಾನ್ಯವಾಗಿ 4ರಿಂದ 8ರವರೆಗಿನ ವಲಯಗಳಿಗೆ ಶಿಫಾರಸು ಮಾಡಲಾಗುತ್ತದೆ. ನಾಲ್ಕನೆಯ ವಲಯದ ಚಳಿಯು ಶೂನ್ಯಕ್ಕಿಂತ 34 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ ಇಳಿಯಬಹುದೆಂಬುದನ್ನು ಗಮನಿಸಿದರೆ ಗಿಡದ ಗಡಸುತನ ಮನವರಿಕೆಯಾಗುತ್ತದೆ. ಆದರೆ ಈ ಸಂಖ್ಯೆಯು ಚಳಿಯನ್ನು ಮಾತ್ರ ಹೇಳುತ್ತದೆಯೇ ಹೊರತು ಸೆಕೆಯನ್ನಾಗಲಿ ತೇವವನ್ನಾಗಲಿ ಹೇಳುವುದಿಲ್ಲ. ಹ್ಯೂಸ್ಟನ್ ನಗರವೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಹಲವು ಊರುಗಳೂ ಚಳಿಯ ಲೆಕ್ಕದಲ್ಲಿ ಒಂಬತ್ತನೆಯ ವಲಯಕ್ಕೇ ಸೇರಿದ್ದರೂ, ರಾತ್ರಿಯೂ ತಣಿಯದ ಹ್ಯೂಸ್ಟನ್ನಿನ ಬೆವರುಸೆಕೆಯಲ್ಲಿ ಈ ಹುಲ್ಲು ಬಹುಕಾಲ ಉಳಿಯುವುದಿಲ್ಲ. ಒಣ ಬೇಸಿಗೆ ಮತ್ತು ತಂಪಾದ ಇರುಳುಗಳಿರುವ ಕೊಲ್ಲಿಯ ತೀರದಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ಆದ್ದರಿಂದ ಗಿಡ ಕೊಳ್ಳುವ ಮುನ್ನ ತಮ್ಮ ಊರಿನ ಚಳಿಗಾಲದ ಕನಿಷ್ಠ ಉಷ್ಣತೆಯ ಜೊತೆಗೆ ಬೇಸಿಗೆಯ ರಾತ್ರಿಗಳ ಸ್ವರೂಪವನ್ನೂ ಪರಿಗಣಿಸುವುದು ವಿವೇಕ.

ಪ್ರಭೇದ ಮತ್ತು ತಳಿಗಳ ಆಯ್ಕೆ

ಅಲಂಕಾರದ ಹುಲ್ಲುಗಳಿಗೆ ತೋಟಗಳಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ನಗರದ ಬೋರ್ನಿಮ್‌ನಲ್ಲಿ ನರ್ಸರಿ ನಡೆಸುತ್ತಿದ್ದ ಕಾರ್ಲ್ ಫೋರ್ಸ್ಟರ್ (1874–1970) ಪ್ರಮುಖರು; ತೋಟಗಳಿಗೆ ಹುಲ್ಲು ಮತ್ತು ಜರೀಗಿಡಗಳ ಪ್ರವೇಶವನ್ನು ಕುರಿತ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು. ನೀಲಿ ಫೆಸ್ಕ್ಯೂವಿನ ಇಂದಿನ ತಳಿಗಳಲ್ಲಿ ಹಲವು ಜರ್ಮನ್ ಹೆಸರುಗಳನ್ನೇ ಹೊತ್ತಿವೆ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವ ‘ಎಲಿಜಾ ಬ್ಲೂ’ ತಳಿಯು ಸುಮಾರು 20 ಸೆಂ.ಮೀ. ಎತ್ತರಕ್ಕೆ ನಿಂತು, ಬೇಸಿಗೆಯಲ್ಲಿಯೂ ನೀಲಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ‘ಬ್ಲೌಫುಕ್ಸ್’ ಮತ್ತು ‘ಬ್ಲೌಗ್ಲುಟ್’ ಎಂಬ ಜರ್ಮನ್ ತಳಿಗಳೂ ಬಣ್ಣಕ್ಕೆ ಹೆಸರಾದವು. ‘ಗೋಲ್ಡನ್ ಟೂಪೀ’ ತಳಿಯ ಎಲೆ ಹಳದಿಹಸಿರು. ದೊಡ್ಡ ಗುಚ್ಛ ಬೇಕೆನ್ನುವವರಿಗೆ ನೀಲಿ ಫೆಸ್ಕ್ಯೂಗಿಂತ ಎತ್ತರವಾಗಿ ಬೆಳೆಯುವ ಫೆಸ್ಟುಕಾ ಅಮೆಥಿಸ್ಟಿನಾ ಇದೆ; ಮೊರಾಕ್ಕೋದ ಅಟ್ಲಾಸ್ ಬೆಟ್ಟಗಳ ಫೆಸ್ಟುಕಾ ಮೈರೇ 60 ಸೆಂ.ಮೀ. ಮೀರಿ ಬೆಳೆಯುತ್ತದೆ. ಪಿರೆನೀಸ್ ಪರ್ವತಗಳ ಫೆಸ್ಟುಕಾ ಗೌಟಿಯೇರಿ ಕಡುಹಸಿರಿನ, ದಟ್ಟವಾದ ಮೆತ್ತೆಯಂತೆ ನೆಲಕ್ಕಂಟಿ ಬೆಳೆಯುವುದರಿಂದ ಕಲ್ಲುತೋಟಗಳಿಗೆ ಒಪ್ಪುತ್ತದೆ. ಅಮೆರಿಕದ ಪಶ್ಚಿಮ ಭಾಗದಲ್ಲಿರುವವರು ಅಲ್ಲಿಯದೇ ನೆಲದ ಫೆಸ್ಟುಕಾ ಇಡಾಹೋಯೆನ್ಸಿಸ್ ಮತ್ತು ಫೆಸ್ಟುಕಾ ಕ್ಯಾಲಿಫೋರ್ನಿಕಾ ಪ್ರಭೇದಗಳನ್ನು ಆರಿಸಿಕೊಳ್ಳುವುದು ಇನ್ನೂ ಉತ್ತಮ.

ಹುಲ್ಲುಹಾಸಿಗಾಗಿ ಬೀಜದ ಚೀಲಗಳಲ್ಲಿ ಮಾರಲಾಗುವ ಎತ್ತರದ ಫೆಸ್ಕ್ಯೂ ಮತ್ತು ಕೆಂಪು ಫೆಸ್ಕ್ಯೂಗಳು ಬೇರೆ ಗಿಡಗಳು. ಅವು ತುಳಿತವನ್ನು ತಾಳುತ್ತವೆ, ಕತ್ತರಿಸಿದಷ್ಟೂ ಚಿಗುರುತ್ತವೆ. ನೀಲಿ ಫೆಸ್ಕ್ಯೂ ತುಳಿತವನ್ನು ತಾಳುವುದಿಲ್ಲವಾದ್ದರಿಂದ ಅದನ್ನು ನಡೆದಾಡುವ ಹಾಸಾಗಿ ಬಳಸುವ ಯೋಚನೆಯನ್ನು ಬಿಡಬೇಕು.

ಸ್ಥಳ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗವನ್ನು ಇದಕ್ಕೆ ಮೀಸಲಿಡಬೇಕು. ಬೇಸಿಗೆ ಕಠಿಣವಾಗಿರುವ ಊರುಗಳಲ್ಲಿ ಮಾತ್ರ ಮಧ್ಯಾಹ್ನದ ನಂತರದ ತುಸು ನೆರಳು ಗಿಡಕ್ಕೆ ನೆರವಾಗುತ್ತದೆ. ಉಳಿದೆಡೆ ನೆರಳು ಹೆಚ್ಚಿದಷ್ಟೂ ಬಣ್ಣ ಹಸಿರಿನತ್ತ ಸರಿದು ಗುಚ್ಛ ಸಡಿಲವಾಗುತ್ತದೆ.

ಮಣ್ಣಿನ ಫಲವತ್ತತೆಗಿಂತ ನೀರು ಬಸಿದುಹೋಗುವ ಗುಣವೇ ಇಲ್ಲಿ ನಿರ್ಣಾಯಕ. ಇದನ್ನು ಪರೀಕ್ಷಿಸಲು ಸುಮಾರು ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಬೇಕು. ಎರಡನೆಯ ಸಲ ತುಂಬಿಸಿದ ನೀರು ಕೆಲವು ಗಂಟೆಗಳಲ್ಲಿ ಇಂಗಿದರೆ ಜಾಗ ಯೋಗ್ಯವೆಂದೂ, ಮರುದಿನವೂ ನಿಂತಿದ್ದರೆ ಅಯೋಗ್ಯವೆಂದೂ ತಿಳಿಯಬಹುದು. ಅಂಟುವ ಜೇಡಿಮಣ್ಣಿನ ಗುಂಡಿಯೊಂದಕ್ಕಷ್ಟೇ ಮರಳು ತುಂಬಿ ನೆಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಬಂದು ನಿಲ್ಲುತ್ತದೆ. ಅಂಥಲ್ಲಿ ನೆಲಮಟ್ಟದಿಂದ 15ರಿಂದ 20 ಸೆಂ.ಮೀ. ಎತ್ತರದ ಏರುಮಡಿಯನ್ನು ಕಟ್ಟುವುದು ಅಥವಾ ಇಳಿಜಾರನ್ನು ಆರಿಸಿಕೊಳ್ಳುವುದು ಸರಿಯಾದ ಪರಿಹಾರ. ಮಣ್ಣಿನ ಆಮ್ಲ ಮತ್ತು ಕ್ಷಾರಗಳ ಪ್ರಮಾಣವನ್ನು ಸೂಚಿಸುವ ರಸಸಾರದ ವಿಷಯದಲ್ಲಿ ಗಿಡ ಅಷ್ಟೇನೂ ಕಟ್ಟುನಿಟ್ಟಲ್ಲ. ತುಸು ಆಮ್ಲೀಯದಿಂದ ತುಸು ಕ್ಷಾರೀಯದವರೆಗಿನ ಮಣ್ಣು ಅದಕ್ಕೆ ಹೊಂದುತ್ತದೆ.

ನೆಡುವ ಕ್ರಮ

ವಸಂತದ ಆರಂಭ ಮತ್ತು ಶರತ್ಕಾಲದ ಮೊದಲ ಭಾಗ ನೆಡಲು ತಕ್ಕ ಕಾಲ. ಶರತ್ಕಾಲದಲ್ಲಿ ನೆಡುವುದಾದರೆ ನೆಲ ಹೆಪ್ಪುಗಟ್ಟುವುದಕ್ಕೆ ಐದಾರು ವಾರ ಮುಂಚೆಯೇ ಕೆಲಸ ಮುಗಿದು ಬೇರು ಹಿಡಿದಿರಬೇಕು. ಮೆಲ್ಬರ್ನಿನಂಥ ದಕ್ಷಿಣ ಗೋಳಾರ್ಧದ ಊರುಗಳಲ್ಲಿ ವಸಂತವು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇರುವುದರಿಂದ ಅಲ್ಲಿನವರು ಲೆಕ್ಕವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಕುಂಡದಿಂದ ತೆಗೆದ ಗಿಡದ ಬೇರುಗಳು ಸುತ್ತಿಕೊಂಡಿದ್ದರೆ ಅವನ್ನು ಕೈಯಿಂದ ಮೆಲ್ಲಗೆ ಬಿಡಿಸಿ, ಬೇರುಗಡ್ಡೆಯ ಎರಡರಷ್ಟು ಅಗಲದ ಗುಂಡಿಯಲ್ಲಿ, ಕುಂಡದಲ್ಲಿದ್ದ ಮಟ್ಟದಲ್ಲಿಯೇ ಅಥವಾ ಒಂದು ಬೆರಳಿನಷ್ಟು ಮೇಲಕ್ಕೆ ಕೂರಿಸಬೇಕು. ತೆಂಡೆಗಳು ಹುಟ್ಟುವ ಬುಡದ ಮಧ್ಯಭಾಗ ಮಣ್ಣಿನಲ್ಲಿ ಹೂತುಹೋದರೆ ಅಲ್ಲಿ ತೇವ ನಿಂತು ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ 25ರಿಂದ 30 ಸೆಂ.ಮೀ. ಅಂತರ ಸಾಕು, ಈ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ 11ರಿಂದ 16 ಗಿಡಗಳು ಬೇಕಾಗುತ್ತವೆ. ಈ ಹುಲ್ಲು ಹಬ್ಬುವ ಸ್ವಭಾವದ್ದಲ್ಲವಾದ್ದರಿಂದ ನಡುವಿನ ತೆರಪು ತಾನಾಗಿ ಮುಚ್ಚುವುದಿಲ್ಲ, ಹಾಗೂ ಕಳೆಯನ್ನು ಅಡಗಿಸುವ ಕೆಲಸವನ್ನು ಗಿಡಕ್ಕೆ ಬಿಡದೆ ಹೊದಿಕೆಯಿಂದಲೇ ಸಾಧಿಸಬೇಕಾಗುತ್ತದೆ.

ಹೊದಿಕೆಗೆ ಮರದ ತೊಗಟೆಯ ಚೂರುಗಳಿಗಿಂತ ಸಣ್ಣ ಜಲ್ಲಿಯೇ ಮೇಲು. ತೊಗಟೆ ತೇವವನ್ನು ಹಿಡಿದಿಟ್ಟು ಬುಡವನ್ನು ಸದಾ ಒದ್ದೆಯಾಗಿರಿಸುತ್ತದೆ. ಮೂರು ನಾಲ್ಕು ಸೆಂ.ಮೀ. ದಪ್ಪಕ್ಕೆ ಹರಡಿದ ಜಲ್ಲಿಯು ಕಳೆಯನ್ನು ತಡೆದು ನೀರನ್ನು ಕೆಳಕ್ಕೆ ಬಿಡುತ್ತದೆ.

ನೀರು ಮತ್ತು ಗೊಬ್ಬರ

ಬರವನ್ನು ತಾಳುವ ಗಿಡವೆಂದರೆ ಬೇರೂರಿದ ನಂತರ ತಾಳುವ ಗಿಡವೆಂದೇ ಅರ್ಥ. ಮೊದಲ ಬೆಳವಣಿಗೆಯ ಋತುವಿನಲ್ಲಿ ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿ.ಮೀ. ನೀರು, ಅಂದರೆ ಚದರ ಮೀಟರಿಗೆ 25 ಲೀಟರು, ದೊರೆಯುವಂತೆ ನೋಡಿಕೊಳ್ಳಬೇಕು. ಅದನ್ನು ದಿನವೂ ಚಿಮುಕಿಸುವ ಬದಲು ಒಂದೆರಡು ಸಲ ಆಳವಾಗಿ ಉಣಿಸಿದರೆ ಬೇರುಗಳು ಕೆಳಕ್ಕಿಳಿಯುತ್ತವೆ. ಎರಡನೆಯ ವರ್ಷದಿಂದ ದೀರ್ಘಕಾಲ ಮಳೆಯಿಲ್ಲದೆ ಎಲೆಯ ತುದಿಗಳು ಕಂದುಗಟ್ಟತೊಡಗಿದಾಗ ಮಾತ್ರ ನೀರು ಕೊಟ್ಟರೆ ಸಾಕು. ಹುಲ್ಲುಹಾಸಿಗೆಂದು ಅಳವಡಿಸಿದ ತುಂತುರು ನೀರಾವರಿಯ ವ್ಯಾಪ್ತಿಯೊಳಗೆ ಈ ಗಿಡವನ್ನು ನೆಡುವುದು ಅತ್ಯಂತ ಸಾಮಾನ್ಯವಾದ ತಪ್ಪು.

ನೀರಿನ ಮಿತವ್ಯಯವನ್ನೇ ತತ್ವವಾಗಿಸಿಕೊಂಡ ಒಣತೋಟ ಪದ್ಧತಿಗೆ ‘ಜೆರಿಸ್ಕೇಪ್’ ಎಂಬ ಹೆಸರನ್ನು 1981ರಲ್ಲಿ ರೂಪಿಸಿದ್ದು ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ. ವರ್ಷಕ್ಕೆ 400 ಮಿ.ಮೀ. ಮಳೆಯನ್ನೂ ಕಾಣದ ಆ ಪ್ರದೇಶದ ಇಂಥ ತೋಟಗಳಲ್ಲಿ ನೀಲಿ ಫೆಸ್ಕ್ಯೂ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಅದರ ತಾಳಿಕೆಗೆ ಸಾಕ್ಷಿ.

ಗೊಬ್ಬರದ ಅಗತ್ಯ ಇಲ್ಲವೆಂದೇ ಹೇಳಬಹುದು. ಸಾರಜನಕ ಹೆಚ್ಚಾದರೆ ಎಲೆಗಳು ಮೆತ್ತಗಾಗಿ ಉದ್ದಬೆಳೆದು, ನಡುವೆ ಬಾಯಿಬಿಟ್ಟುಕೊಂಡು, ನೀಲಿಯನ್ನು ಕಳೆದುಕೊಳ್ಳುತ್ತವೆ. ತೀರ ಬಡಕಲು ಮರಳುಮಣ್ಣಿನಲ್ಲಿ ವಸಂತದಲ್ಲೊಮ್ಮೆ ತೆಳುವಾಗಿ ಕಾಂಪೋಸ್ಟ್ ಹಾಕಿದರೆ ಅದೇ ಹೆಚ್ಚು.

ವರ್ಷಕ್ಕೊಮ್ಮೆಯ ಕೆಲಸ

ನೀಲಿ ಫೆಸ್ಕ್ಯೂ ನಿತ್ಯಹರಿದ್ವರ್ಣದ ಹುಲ್ಲಾದರೂ ಹಳೆಯ ಎಲೆಗಳು ಸತ್ತು ಗುಚ್ಛದೊಳಗೇ ಸಿಕ್ಕಿಕೊಂಡಿರುತ್ತವೆ. ಚಳಿಗಾಲ ಮುಗಿದು ಹೊಸ ಚಿಗುರು ಕಾಣಿಸುವ ಹೊತ್ತಿಗೆ ಕೈಗವಸು ಹಾಕಿಕೊಂಡು, ಬುಡದಿಂದ ತುದಿಯತ್ತ ಬೆರಳುಗಳಿಂದ ಬಾಚಿದರೆ ಒಣಗಿದ ಎಲೆಗಳೆಲ್ಲ ಕಳಚಿಬರುತ್ತವೆ. ಚಳಿಗೆ ಗಿಡ ತೀರ ಕಂದಿದ್ದರೆ ಮಾತ್ರ 8ರಿಂದ 10 ಸೆಂ.ಮೀ. ಉಳಿಯುವಂತೆ ಕತ್ತರಿಸಬಹುದು. ಬೆಚ್ಚನೆಯ ಋತುವಿನ ಹುಲ್ಲುಗಳಂತೆ ಇದನ್ನು ನೆಲಮಟ್ಟಕ್ಕೆ ಸವರಿದರೆ ಗಿಡ ಚೇತರಿಸಿಕೊಳ್ಳಲಾರದು; ಶರತ್ಕಾಲದ ಕೊನೆಯಲ್ಲಿ ಅಥವಾ ಉರಿಬೇಸಿಗೆಯಲ್ಲಿ ಕತ್ತರಿಸುವುದೂ ಅಷ್ಟೇ ಅಪಾಯಕರ. ಎಲೆಯ ಅಂದವೇ ಮುಖ್ಯವೆನ್ನುವವರು ತೆನೆಗಳನ್ನು ಬಲಿಯುವ ಮೊದಲೇ ಚಿವುಟಿಹಾಕುವುದುಂಟು. ಇದರಿಂದ ಬೀಜ ಉದುರಿ ಬಣ್ಣಗೆಟ್ಟ ಸಸಿಗಳು ಏಳುವುದೂ ತಪ್ಪುತ್ತದೆ.

ಬುಡ ಬಿಡಿಸಿ ನೆಡುವುದು

ಗುಚ್ಛವು ಹೊರಗಡೆಗೆ ತೆಂಡೆಯೊಡೆಯುತ್ತ ಹೋದಂತೆ ನಡುವಿನ ಹಳೆಯ ಭಾಗ ಸತ್ತು ಬೋಳಾಗುವುದು ಈ ಹುಲ್ಲಿನ ಸಹಜ ಗುಣವೇ ಹೊರತು ರೋಗವಲ್ಲ. ಆದ್ದರಿಂದ ಎರಡು ಮೂರು ವರ್ಷಗಳಿಗೊಮ್ಮೆ ವಸಂತದಲ್ಲಿ ಗಿಡವನ್ನು ಬೇರುಸಮೇತ ಅಗೆದು ತೆಗೆದು, ಸತ್ತ ನಡುಭಾಗವನ್ನು ಎಸೆದು, ಹೊರವಲಯದ ಎಳೆಯ ತೆಂಡೆಗಳನ್ನು ಬೇರಿನೊಂದಿಗೆ ಹಿಡಿಯಷ್ಟು ಗಾತ್ರದ ತುಂಡುಗಳಾಗಿ ಬಿಡಿಸಿ ನೆಡಬೇಕು. ಒಂದು ಬಲಿತ ಗುಚ್ಛದಿಂದ ಮೂರು ನಾಲ್ಕು ಗಿಡಗಳು ಸುಲಭವಾಗಿ ಸಿಗುತ್ತವೆ. ಹೀಗೆ ಬಿಡಿಸಿದ ಗಿಡಗಳಿಗೆ ಮೊದಲ ಕೆಲವು ವಾರ ಹೊಸ ಗಿಡಕ್ಕೆ ಕೊಡುವಷ್ಟೇ ನೀರು ಬೇಕು.

ಬೀಜದಿಂದಲೂ ಗಿಡ ಎಬ್ಬಿಸಬಹುದು. ಮರಳು ಬೆರೆಸಿದ ಮಣ್ಣಿನ ಮೇಲೆ ಬೀಜವನ್ನು ತೆಳುವಾಗಿ ಉದುರಿಸಿ, 18ರಿಂದ 20 ಡಿಗ್ರಿಯ ಹಿತವಾದ ಕಾವಿನಲ್ಲಿ ತೇವ ಆರದಂತಿಟ್ಟರೆ ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಆದರೆ ಬೀಜದ ಸಸಿಗಳ ಬಣ್ಣ ಒಂದೇ ಬಗೆಯದಾಗಿರುವುದಿಲ್ಲ. ಹೆಸರಿಟ್ಟ ತಳಿಗಳ ಗುಣವನ್ನು ಹಾಗೆಯೇ ಉಳಿಸಿಕೊಳ್ಳಲು ಬುಡ ಬಿಡಿಸುವುದೊಂದೇ ದಾರಿ.

ಕುಂಡ, ಜೊತೆಗಿಡ, ರೋಗ

ಕುಂಡದಲ್ಲಿ ಬೆಳೆಸುವವರು ತಳದಲ್ಲಿ ಧಾರಾಳವಾಗಿ ತೂತುಗಳಿರುವ 25 ಸೆಂ.ಮೀ. ಅಗಲದ ಕುಂಡವನ್ನು ಆರಿಸಿ, ಕುಂಡದ ಮಣ್ಣಿಗೆ ನಾಲ್ಕನೆಯ ಒಂದು ಭಾಗದಷ್ಟು ದಪ್ಪಮರಳು ಅಥವಾ ಪರ್ಲೈಟ್ ಎಂಬ ಹಗುರವಾದ ಬಿಳಿಯ ಹರಳನ್ನು ಬೆರೆಸಬೇಕು. ಕುಂಡದ ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಬಾರದು. ಮಳೆ ಮತ್ತು ಹಿಮದ ದಿನಗಳಲ್ಲಿ ಕುಂಡವನ್ನು ಇಟ್ಟಿಗೆಯ ತುಂಡುಗಳ ಮೇಲೆ ಎತ್ತರಿಸಿಟ್ಟರೆ ನೀರು ಸರಾಗವಾಗಿ ಹರಿದುಹೋಗುತ್ತದೆ.

ನೆಲದಲ್ಲಿ ಇದಕ್ಕೆ ಜೊತೆಯಾಗಿ ಲ್ಯಾವೆಂಡರ್, ಸೀಡಮ್, ಯಾರೋ ಮುಂತಾದ ಒಣಬಿಸಿಲನ್ನೇ ಬಯಸುವ ಗಿಡಗಳನ್ನು ನೆಡಬೇಕು. ಹೂವಿನ ಮಡಿಯ ಅಂಚಿಗೆ ಸಾಲಾಗಿ ನೆಡುವುದು ರೂಢಿಯಲ್ಲಿದ್ದರೂ, ಸಾಲಿನ ನಡುವೆ ಒಂದು ಗಿಡ ಸತ್ತರೆ ಆ ತೆರಪು ಎದ್ದು ಕಾಣುವುದರಿಂದ ಐದೇಳು ಗಿಡಗಳ ಅನಿಯಮಿತ ಗುಂಪುಗಳೇ ಹೆಚ್ಚು ಸುರಕ್ಷಿತ.

ಕೀಟಬಾಧೆ ವಿರಳ. ಜಿಂಕೆ ಮತ್ತು ಮೊಲಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲವಾದ್ದರಿಂದ ಅಮೆರಿಕದ ಉಪನಗರಗಳಲ್ಲಿ ಇದೊಂದು ದೊಡ್ಡ ಅನುಕೂಲ. ಗಾಳಿಯಾಡದ ತೇವದ ಜಾಗಗಳಲ್ಲಿ ಎಲೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣುವ ತುಕ್ಕುರೋಗ ಬರಬಹುದು. ಬಾಧಿತ ಎಲೆಗಳನ್ನು ತೆಗೆದು ಗಿಡಗಳ ನಡುವಿನ ಅಂತರವನ್ನು ಹೆಚ್ಚಿಸಿದರೆ ಅದು ಹತೋಟಿಗೆ ಬರುತ್ತದೆ. ನಿಜವಾಗಿ ಗಿಡವನ್ನು ಕೊಲ್ಲುವುದು ಬೇರುಕೊಳೆ, ಮತ್ತು ಅದಕ್ಕೆ ಔಷಧಿಗಿಂತ ಒಣಗಿದ ಬುಡವೇ ಮದ್ದು.

ಕರ್ನಾಟಕದಲ್ಲಿ ಬೆಳೆಸಬಹುದೇ?

ಕರ್ನಾಟಕದ ಬಯಲುಸೀಮೆಯ ಬೇಸಿಗೆಯೂ ಕರಾವಳಿ ಮತ್ತು ಮಲೆನಾಡಿನ ಮಳೆಗಾಲವೂ ಈ ಹುಲ್ಲಿಗೆ ಒಗ್ಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಕುಂಡದಲ್ಲಿ ಅಂದವಾಗಿ ಕಂಡರೂ, ಏಪ್ರಿಲ್ ತಿಂಗಳ ಕಾವು ಮತ್ತು ನಂತರದ ಮಳೆಯ ತೇವಗಳೆರಡನ್ನೂ ದಾಟಿ ಅದು ಬಹುವಾರ್ಷಿಕವಾಗಿ ಉಳಿಯುವುದೆಂದು ನಿರೀಕ್ಷಿಸಲಾಗದು. ಕಡಿಮೆ ಆರೈಕೆಯ ಅಲಂಕಾರದ ಹುಲ್ಲನ್ನು ಬಯಸುವ ಇಲ್ಲಿನ ತೋಟಗಾರರಿಗೆ ಮಣ್ಣಿನೊಳಗೆ ಆಳವಾಗಿ ಬೇರಿಳಿಸುವ ಲಾವಂಚವೂ ನಿಂಬೆಹುಲ್ಲೂ ಉತ್ತಮ ಆಯ್ಕೆಗಳು. ನೆರಳಿನ ಅಂಚುಗಳಿಗೆ, ಹುಲ್ಲಿನಂತೆ ಕಂಡರೂ ಶತಾವರಿಯ ಕುಟುಂಬಕ್ಕೆ ಸೇರಿದ ಮೊಂಡೋ ಗಿಡ ಹೊಂದುತ್ತದೆ. ನರ್ಸರಿಗಳಲ್ಲಿ ದೊರೆಯುವ ಫೌಂಟನ್ ಹುಲ್ಲಿನ ಹಸಿರು ಬಗೆಯು ಹವಾಯಿ ಮತ್ತು ಅರಿಜೋನಾಗಳಲ್ಲಿ ಹತೋಟಿ ಮೀರಿ ಹರಡಿ ಆಕ್ರಮಣಕಾರಿ ಕಳೆಯಾಗಿರುವುದರಿಂದ ಅದನ್ನು ನೆಡದಿರುವುದೇ ಲೇಸು.

ಒಟ್ಟಿನಲ್ಲಿ, ತಂಪು ಇರುಳುಗಳ ನಾಡಿನಲ್ಲಿರುವವರು ಬಿಸಿಲಿನ ಜಾಗ, ಬಸಿಯುವ ಮಣ್ಣು, ಮೊದಲ ವರ್ಷದ ನೀರು, ವರ್ಷಕ್ಕೊಮ್ಮೆ ಬಾಚುವಿಕೆ ಮತ್ತು ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸುವಿಕೆ ಎಂಬ ಐದನ್ನು ಪಾಲಿಸಿದರೆ ನೀಲಿ ಫೆಸ್ಕ್ಯೂ ಬೇರೇನನ್ನೂ ಕೇಳುವುದಿಲ್ಲ. ಮೊದಲ ಸಲ ನೆಡುವವರು ಇಡೀ ಅಂಗಳಕ್ಕೆ ಗಿಡ ತರುವ ಬದಲು ಐದಾರು ಗಿಡಗಳನ್ನು ನೆಟ್ಟು, ಒಂದು ಬೇಸಿಗೆ ಮತ್ತು ಒಂದು ಚಳಿಗಾಲವನ್ನು ಅವು ದಾಟುವ ಬಗೆಯನ್ನು ನೋಡಿ, ಆಮೇಲೆ ಅವುಗಳ ಬುಡದಿಂದಲೇ ತೋಟವನ್ನು ವಿಸ್ತರಿಸಿಕೊಳ್ಳುವುದು ಖರ್ಚಿಗೂ ಶ್ರಮಕ್ಕೂ ಹಿತವಾದ ಕ್ರಮ.